ಮಾಸ್ಟರಮ್ಮನ ಗ್ರಾಫಿಕ್ಸ್ ಕಾರ್ಡು

ಜನವರಿ 9

ಮಗಳೇ,

ಹದಿನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರ ಕೇಳುವುದಕ್ಕಲ್ಲ. ನೀನು ಬಿಟ್ಟು ಹೋದ ಕಂಪ್ಯೂಟರಿಗೆ ಒಂದು ಹೊಸ ಗ್ರಾಫಿಕ್ಸ್ ಕಾರ್ಡು ಹಾಕಬೇಕು. ಯಾವುದು ಅಂತ ಹೇಳು. ಬೇರೆಯವರನ್ನು ಕೇಳಬಹುದಿತ್ತು, ಕೇಳಿಯೂ ನೋಡಿದೆ. ಎಲ್ಲರೂ ಮೊದಲು "ನಿಮಗ್ಯಾಕೆ ಇದೆಲ್ಲ?" ಅನ್ನುತ್ತಾರೆ. ನೀನಾದರೆ ಆ ಪ್ರಶ್ನೆಯನ್ನು ಎರಡನೆಯದಾಗಿ ಕೇಳುತ್ತೀಯ ಅನ್ನುವ ನಂಬಿಕೆ.

ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಾಟಕ ಕಂಪನಿಗೆ ಹೊಸ ಮ್ಯಾನೇಜರ್ ಬಂದಿದ್ದಾನೆ. ಒಳ್ಳೆಯವನೇ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಜಗಳ ಸುಲಭವಿತ್ತು. ಉಡುಪಿನ ಕೋಣೆಗೆ ಬಂದ, ನನ್ನ ಇಪ್ಪತ್ತೆಂಟು ವರ್ಷದ ಖಾಕಿ ಕಾಗದದ ಪ್ಯಾಟರ್ನುಗಳು ನೇತಾಡುತ್ತಿರುವುದನ್ನು ನೋಡಿದ, "ಎಷ್ಟು ಕಷ್ಟಪಟ್ಟಿದೀರಾ ಮಾಸ್ಟರಮ್ಮ, ಇನ್ನು ಆರಾಮಾಗಿರಿ" ಅಂದ. ಆರಾಮು ಅಂದರೆ ಏನು ಅಂತ ಮಾರನೇ ದಿನ ಗೊತ್ತಾಯಿತು. ಇನ್ನು ಮುಂದೆ ಉಡುಪುಗಳನ್ನು ಹೊರಗಿನ ಒಂದು ಸ್ಟುಡಿಯೋದವರು ಕಂಪ್ಯೂಟರಿನಲ್ಲೇ ಕತ್ತರಿಸುತ್ತಾರಂತೆ. ಪರದೆಯ ಮೇಲೆ ಬೊಂಬೆಗೆ ಬಟ್ಟೆ ತೊಡಿಸಿ, ನಡೆಸಿ, ಕೂರಿಸಿ ತೋರಿಸುತ್ತಾರಂತೆ. ಕಟಿಂಗ್ ಮಾಸ್ಟರ್ ಅನ್ನುವ ಹುದ್ದೆಯೇ ಬೇಡವಂತೆ.

ನಾನು ಹೇಳಿದೆ: "ಅದನ್ನ ನಾನೇ ಮಾಡ್ತೀನಿ." ಅವನು ನಕ್ಕ. ಪಕ್ಕದಲ್ಲಿದ್ದ ನಿರ್ದೇಶಕರು ನಗಲಿಲ್ಲ. "ಸರಿ, ಏಪ್ರಿಲ್ ಹತ್ತಕ್ಕೆ ಇಬ್ಬರೂ ತೋರಿಸಿ. ಹೊಸ ನಾಟಕದ ರಾಜನ ನಿಲುವಂಗಿ. ಪರದೆ ಮೇಲೆ ಓಡಾಡಬೇಕು, ಆಮೇಲೆ ಅದೇ ಪ್ಯಾಟರ್ನ್ ಪ್ರಿಂಟ್ ಮಾಡಿ ಕೋರಾ ಬಟ್ಟೆಯಲ್ಲಿ ಹೊಲಿದು ರಾಜನ ಪಾತ್ರಧಾರಿಗೆ ತೊಡಿಸಬೇಕು" ಅಂದರು. ಗೆದ್ದರೆ ಕತ್ತರಿಸುವ ಮೇಜು ನನ್ನದು. ಸೋತರೆ ಪ್ಯಾಟರ್ನುಗಳು ರದ್ದಿಗೆ, ನಾನು ಆರಾಮಿಗೆ.

ಸಾಫ್ಟ್‌ವೇರ್ ಕಲಿತಿದ್ದೇನೆ. ತರಗತಿಯಲ್ಲಿ ನನ್ನ ಪಕ್ಕದವಳಿಗೆ ಹತ್ತೊಂಬತ್ತು ವರ್ಷ, ಅವಳಿಗೆ ತೋಳು ಕೂರಿಸುವುದನ್ನು ನಾನೇ ಹೇಳಿಕೊಟ್ಟೆ. ಪ್ಯಾಟರ್ನ್ ಬರುತ್ತದೆ, ಹೊಲಿಗೆ ಬರುತ್ತದೆ, ರಾಜ ನಾಲ್ಕು ಹೆಜ್ಜೆ ನಡೆಯುತ್ತಾನೆ. ಮಂಡಿಯೂರಿದ ಕೂಡಲೇ ಪರದೆ ಕಪ್ಪಾಗುತ್ತದೆ. ಮೂರನೇ ಅಂಕದಲ್ಲಿ ಅವನು ಮಂಡಿಯೂರಲೇಬೇಕು.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ನೀನು ಕೆಲಸ ಮಾಡುವ ರೇಡಿಯೋ ದೂರದರ್ಶಕದ ಕಣಿವೆಯಲ್ಲಿ, ಅದರ ತಂತಿಗಳಿಗೆ ಅಡ್ಡಿಯಾಗುತ್ತದೆ ಅಂತ, ಮೊಬೈಲ್ ನಿಷೇಧ. ಇರುವ ಒಂದು ಫೋನಿಗೆ ಕಚೇರಿಯ ಎಲ್ಲರೂ ಕಿವಿ ಕೊಟ್ಟಿರುತ್ತಾರೆ. ಅದಲ್ಲದೆ ನಾವಿಬ್ಬರೂ ಫೋನಿನಲ್ಲಿ ಮೂರನೇ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವೆ.

ಕಾರ್ಡಿನ ಹೆಸರು ಬರೆದು ಕಳಿಸು, ಸಾಕು.

ಅಮ್ಮ


ಜನವರಿ 18

ಅಮ್ಮ,

ಗುರುವಾರದ ವ್ಯಾನಿನಲ್ಲಿ ನಿನ್ನ ಪತ್ರ ಬಂತು. ವಿಳಾಸ ಪ್ರಿಂಟ್ ಆಗಿತ್ತು, ಒಳಗೂ ಪ್ರಿಂಟ್. ಬ್ಯಾಂಕಿನವರದ್ದಿರಬೇಕು ಅಂತ ಎರಡು ದಿನ ತೆರೆಯಲಿಲ್ಲ. ದಿನಸಿ ಚೀಟಿಗೂ ಎರಡು ಬಣ್ಣದ ಶಾಯಿ ಹಾಕುತ್ತಿದ್ದವಳು ನೀನು. ಇದೇನು ಹೊಸ ಶೋಕಿ?

ನಿನಗ್ಯಾಕೆ ಅಂತ ನಾನು ಎರಡನೆಯದಾಗಿಯೂ ಕೇಳುವುದಿಲ್ಲ. ನಾನು ಹೊರಟ ದಿನ ನೀನು ಮೆಟ್ಟಿಲ ಮೇಲೆ ನಿಂತು "ನೀನು ಹೋದ್ರೆ ಈ ಮೇಜು ನನ್ನ ಜೊತೆಗೇ ಮುಗಿಯುತ್ತೆ" ಅಂದಿದ್ದೆ. ಊರಿಗೆ ಊರೇ ಕೇಳುವ ಹಾಗೆ. ಈಗ ನೋಡಿದರೆ ಮುಗಿಯುವುದಕ್ಕೆ ನೀನೇ ಬಿಡುತ್ತಿಲ್ಲ. ಓದಿ ಖುಷಿಯಾಯಿತು. ಖುಷಿಯಾಗಿದ್ದಕ್ಕೆ ಸಿಟ್ಟೂ ಬಂತು.

ಇನ್ನು ಕಾರ್ಡು. ಹೆಸರು ಕೇಳಿಕೊಂಡು ಹೋಗಿ ತರುವ ವಸ್ತುವಲ್ಲ ಅದು. ಕಾರ್ಡಿನಲ್ಲಿ ವೇಗ ಅಂತ ಒಂದಿದೆ, ಮೆಮೊರಿ ಅಂತ ಒಂದಿದೆ. ಅಂಗಡಿಯವರು ವೇಗ ಹೇಳಿ ಮಾರುತ್ತಾರೆ, ಆಟ ಆಡುವವರಿಗೆ ಅದೇ ಮುಖ್ಯ. ನಿನಗೆ ಬೇಕಾದ್ದು ಮೆಮೊರಿ. ಅದು ನಿನ್ನ ಕತ್ತರಿಸುವ ಮೇಜು ಇದ್ದ ಹಾಗೆ. ಕೈ ಎಷ್ಟೇ ಚುರುಕಾಗಿದ್ದರೂ ಮೇಜು ಗಿಡ್ಡವಾದರೆ ಆರು ಮೀಟರ್ ಬಟ್ಟೆ ನೆಲಕ್ಕೆ ಜಾರುತ್ತದೆ. ಈಗಿನ ಕಾರ್ಡಿನಲ್ಲಿ ಇರುವುದು ನಾಲ್ಕು ಜಿಬಿ. ನಿನ್ನ ರಾಜ ಮಂಡಿಯೂರಿದಾಗ ಬಟ್ಟೆಯ ಮಡಿಕೆಗಳೆಲ್ಲ ಒಂದೇ ಸಲ ಲೆಕ್ಕಕ್ಕೆ ಬರುತ್ತವೆ, ಜಾಗ ಸಾಲದೆ ಕೈ ಚೆಲ್ಲುತ್ತದೆ.

ಕಂಪ್ಯೂಟರ್ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚು. ಕೆಳಗೆ ಪವರ್ ಸಪ್ಲೈ ಪೆಟ್ಟಿಗೆಯ ಚೀಟಿಯಲ್ಲಿ ಎಷ್ಟು ವಾಟ್ ಅಂತ ಬರೆದಿದೆ, ಅದನ್ನು ಬರೆದುಕೋ. ಹಿಂಬದಿಯ ತಗಡಿನಿಂದ ಮುಂದಿರುವ ಹಾರ್ಡ್‌ಡಿಸ್ಕ್ ಗೂಡಿನವರೆಗೆ ಎಷ್ಟು ಉದ್ದ ಖಾಲಿ ಇದೆ, ಅಳತೆ ಮಾಡು. ಮಿಲಿಮೀಟರಿನಲ್ಲಿ. ಅಳತೆ ನಿನಗೆ ಹೇಳಿಕೊಡಬೇಕಾಗಿಲ್ಲ.

ಅಲ್ಲಿಯವರೆಗೆ ಏನೂ ಕೊಳ್ಳಬೇಡ. ಅಂಗಡಿಗೂ ಹೋಗಬೇಡ.

ನಿನ್ನ ಮಗಳು, ಸದ್ಯಕ್ಕೆ ಸಲಹೆಗಾರ್ತಿ


ಜನವರಿ 27

ಮಗಳೇ,

ಅಂಗಡಿಗೆ ಹೋಗಿದ್ದೆ. ಬೇಡ ಅಂದಿದ್ದಕ್ಕೇ ಹೋದೆ ಅಂತ ಅಂದುಕೋ.

ಗಾಜಿನ ಕಪಾಟಿನಲ್ಲಿ ಕಾರ್ಡುಗಳು ಕೆಂಪು, ನೀಲಿ, ಹಸಿರು ದೀಪ ಹಾಕಿಕೊಂಡು ಕೂತಿದ್ದವು. ಅಂಗಡಿಯವನು ಬಂದು "ಮೊಮ್ಮಗನಿಗಾ ಆಂಟಿ?" ಅಂದ. "ನನಗೆ" ಅಂದೆ. "ಯಾವ ಗೇಮ್ ಆಡ್ತೀರಾ?" ಅಂದ. "ರಾಜನ ನಿಲುವಂಗಿ" ಅಂದೆ. ಪಾಪ, ಒಳಗೆ ಹೋಗಿ ಆ ಹೆಸರಿನ ಗೇಮು ಹುಡುಕಿ ಬಂದ. "ಇದು ತಗೊಳ್ಳಿ, ತುಂಬಾ ಫಾಸ್ಟು" ಅಂತ ಒಂದನ್ನು ಕೈಗಿಟ್ಟ. "ಮೆಮೊರಿ ಎಷ್ಟಪ್ಪ?" ಅಂತ ಕೇಳಿದೆ. ಎಂಟು ಅಂದ. "ಎಂಟು ಜಿಬಿಗೆ ಇಷ್ಟೊಂದು ದೀಪ ಯಾಕೆ ಹಚ್ಚಿದೀಯ?" ಅಂದೆ. ಆಮೇಲೆ ಅವನು ಆಂಟಿ ಅನ್ನುವುದನ್ನು ಬಿಟ್ಟು ಮೇಡಂ ಅನ್ನತೊಡಗಿದ. ನಿನ್ನ ಒಂದು ಪತ್ರ ಅಷ್ಟು ಕೆಲಸ ಮಾಡಿತು.

ತಗಡು ಬಿಚ್ಚಿದೆ. ನಾಲ್ಕು ಸ್ಕ್ರೂಗೆ ಎರಡು ದಿನ ಹಿಡಿಯಿತು, ತುಕ್ಕು ಹಿಡಿದಿದ್ದವು. ಪೆಟ್ಟಿಗೆಯ ಚೀಟಿಯಲ್ಲಿ 450 ಅಂತ ಇದೆ. ಒಳಗಿನ ಉದ್ದ 304 ಮಿಲಿಮೀಟರ್. ಮೂರು ಸಲ ಅಳೆದಿದ್ದೇನೆ, ಮೂರು ಸಲವೂ 304. ಧೂಳು ಎಷ್ಟಿತ್ತು ಅಂದರೆ ಬ್ರಷ್ಷಿನಲ್ಲಿ ಗುಡಿಸಿದ್ದರಲ್ಲಿ ನಿನ್ನ ಒಂದು ಕಿವಿಯೋಲೆ ಸಿಕ್ಕಿತು. ಇಟ್ಟುಕೊಂಡಿದ್ದೇನೆ.

ಪ್ರಿಂಟ್ ಯಾಕೆ ಅಂತ ಕೇಳಿದ್ದೀಯ. ಪ್ರಿಂಟರ್ ಮನೆಯಲ್ಲಿದೆ, ಅದಕ್ಕೆ.

ಬೇಗ ಬರೆ. ಫೆಬ್ರವರಿ ಗಿಡ್ಡ ತಿಂಗಳು.

ಕೆಲಸದ ಅವಸರದಲ್ಲಿ, ಅಮ್ಮ


ಫೆಬ್ರವರಿ 6

ಅಮ್ಮ,

ನಿನ್ನ ಪತ್ರವನ್ನು ಊಟದ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ನಮ್ಮ ಮುಖ್ಯ ವಿಜ್ಞಾನಿ, ಹದಿನೈದು ವರ್ಷದಿಂದ ನಗದವರು, "ಇಷ್ಟೊಂದು ದೀಪ ಯಾಕೆ ಹಚ್ಚಿದೀಯ" ಅನ್ನುವಲ್ಲಿ ಸಾರು ಮೂಗಿಗೆ ಏರಿಸಿಕೊಂಡರು.

ಇಲ್ಲಿಯ ಕಂಪ್ಯೂಟರ್ ಕೋಣೆಯವರ ಜೊತೆ ಕೂತು ಮಾತಾಡಿದೆ. ಅವರ ಪ್ರಕಾರ ನಿನ್ನ ಕೆಲಸಕ್ಕೆ ನಿಜವಾಗಿ ಬೇಕಾದ್ದು ಹದಿನಾರು ಜಿಬಿಯ ಕಾರ್ಡು. ಮೂರು ಫ್ಯಾನಿನದು, ತಣ್ಣಗಿರುತ್ತದೆ, ಗಂಟೆಗಟ್ಟಲೆ ಓಡಿಸಿದರೂ ಸುಸ್ತಾಗುವುದಿಲ್ಲ. ಆದರೆ ಅದರ ಉದ್ದ 307. ನಿನ್ನ ಜಾಗ 304. ಮೂರು ಮಿಲಿಮೀಟರ್ ಕೊರತೆ. ಆದ್ದರಿಂದ ಅದನ್ನು ಮರೆತುಬಿಡು. ಹನ್ನೆರಡು ಜಿಬಿಯದು ಎರಡೇ ಫ್ಯಾನಿನದು, 240 ಮಿಲಿಮೀಟರ್, ಆರಾಮಾಗಿ ಕೂರುತ್ತದೆ. ರಾಜನ ಬಟ್ಟೆಯನ್ನು ಕಂಪ್ಯೂಟರ್ ಲೆಕ್ಕ ಹಾಕುವ ಜಾಳಿಗೆಯ ಕಣ್ಣುಗಳನ್ನು ಸ್ವಲ್ಪ ದೊಡ್ಡದು ಮಾಡಿಕೊಂಡರೆ ಅದರಲ್ಲೇ ನಡೆಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು.

ಯಾವುದನ್ನೇ ಹಾಕಿದರೂ ಪವರ್ ಸಪ್ಲೈ ಬದಲಾಯಿಸಲೇಬೇಕು. 650 ವಾಟಿನದು, ಒಳ್ಳೆ ಕಂಪನಿಯದು. ಅಲ್ಲಿ ಜಿಪುಣತನ ಮಾಡಿದರೆ ಕಾರ್ಡೂ ಹೋಗುತ್ತದೆ, ಕಂಪ್ಯೂಟರೂ ಹೋಗುತ್ತದೆ.

ಇನ್ನೊಂದು ಮಾತು. ಆ ಸ್ಕ್ರೂಗಳನ್ನು ಹಾಕಿದವಳು ನಾನು. ಅವು ತುಕ್ಕು ಹಿಡಿಯುವ ಜಾತಿಯವಲ್ಲ, ಬೆರಳಲ್ಲೇ ತಿರುಗಿಸುವಂಥವು. ಪತ್ರದ ಕೆಳಗೆ ಪೆನ್ನಿನಲ್ಲಿ "ಅಮ್ಮ" ಅಂತ ಬರೆದಿದ್ದೀಯಲ್ಲ, ಅದು ನಿನ್ನ ಅಕ್ಷರವಲ್ಲ. ನಿನ್ನ ಕೈಗೆ ಏನಾಗಿದೆ?

ಉತ್ತರ ಕಾಯುತ್ತಾ, ಮಗಳು


ಫೆಬ್ರವರಿ 20

ಮಗಳೇ,

ಹದಿನಾರನ್ನೇ ತಂದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದೆಯಲ್ಲ, ನಾನು ಹಾಸಿಗೆಯನ್ನೇ ಉದ್ದ ಮಾಡಿದೆ. ಇಪ್ಪತ್ತೆಂಟು ವರ್ಷದಲ್ಲಿ ಯಾವ ನಟನಿಗೂ "ನಿನ್ನ ಹೊಟ್ಟೆ ಮೂರು ಮಿಲಿಮೀಟರ್ ಹೆಚ್ಚಾಯ್ತು, ಬೇರೆ ಹೊಟ್ಟೆ ತಗೊಂಡು ಬಾ" ಅಂತ ಹೇಳಿದವಳಲ್ಲ ನಾನು. ಅಂಗಿ ಬಿಡಿಸಿ ಕೊಡುತ್ತೇನೆ. ಕ್ಯಾಬಿನೆಟ್ಟಿಗೂ ಅದೇ ಮಾಡಿದೆ. ಹಾರ್ಡ್‌ಡಿಸ್ಕ್ ಕೂರುವ ಗೂಡು ರಿವೆಟ್ಟಿನಲ್ಲಿ ಕೂತಿತ್ತು. ಕ್ಯಾಬಿನೆಟ್ಟನ್ನು ಬೀದಿ ಕೊನೆಯ ಬೀಗ ರಿಪೇರಿಯವರ ಹತ್ತಿರ ಹೊತ್ತುಕೊಂಡು ಹೋದೆ. ಅವರು ಇಡೀ ಡಬ್ಬಿಯನ್ನು ಸುತ್ತ ನೋಡಿ, "ಕೀ ಕಳ್ಕೊಂಡ್ರಾ?" ಅಂದರು. ರಿವೆಟ್ಟು ಕತ್ತರಿಸಿ ಗೂಡನ್ನು ಕಿತ್ತು ಕೊಟ್ಟರು, ಅಂಚನ್ನು ಅರದಲ್ಲಿ ಉಜ್ಜಿದರು. ಡಿಸ್ಕನ್ನು ಕೆಳಗೆ ಮಲಗಿಸಿ ಎರಡು ಕಡೆ ದಪ್ಪ ದಾರದಲ್ಲಿ ಕಟ್ಟಿದ್ದೇನೆ. ನನ್ನ ಗಂಟು ಬಿಚ್ಚಿದವರು ಇಲ್ಲಿಯವರೆಗೆ ಯಾರೂ ಇಲ್ಲ.

ಹೊಸ ಪವರ್ ಸಪ್ಲೈಯನ್ನು ಅಂಗಡಿಯ ಹುಡುಗಿ ಮನೆಗೆ ಬಂದು ಕೂರಿಸಿ ಹೋದಳು. ನಿನ್ನೆ ಹನ್ನೊಂದು ಗಂಟೆಗೆ ರಾಜ ನಡೆದ. ತಿರುಗಿದ. ಮಂಡಿಯೂರಿದ. ಪರದೆ ಕಪ್ಪಾಗಲಿಲ್ಲ! ಉಣ್ಣೆಯ ಅಂಚು ನೆಲಕ್ಕೆ ಬಿದ್ದು, ಒಂದರ ಮೇಲೊಂದು ಮಡಿಕೆ ಕೂತು, ಕೊನೆಯ ಮಡಿಕೆ ಸ್ವಲ್ಪ ತಡವಾಗಿ ಕೂತಿತು. ನಿಜವಾದ ಉಣ್ಣೆ ಹಾಗೇ ಕೂರುವುದು. ಕುರ್ಚಿಯಿಂದ ಎದ್ದು ಕೋಣೆಯೊಳಗೇ ಒಂದು ಸುತ್ತು ಬಂದೆ.

ನಿನ್ನ ಇನ್ನೊಂದು ಪ್ರಶ್ನೆ ತಲುಪಿದೆ.

ಹಟಮಾರಿ ಅಮ್ಮ


ಮಾರ್ಚ್ 1

ಅಮ್ಮ,

ಮೊದಲು ಒಂದು ಕೆಲಸ ಮಾಡು, ಆಮೇಲೆ ಈ ಪತ್ರದ ಉಳಿದದ್ದನ್ನು ಓದು. ಸ್ಟೀಲ್ ಸ್ಕೇಲ್ ತಗೊಂಡು ಅದರ ಪಕ್ಕಕ್ಕೆ ನಿನ್ನ ಟೇಪನ್ನು ಇಡು.

ಇಟ್ಟೆಯಾ?

ಆ ಕ್ಯಾಬಿನೆಟ್ಟಿನ ಪುಸ್ತಿಕೆ ನನ್ನ ಪೆಟ್ಟಿಗೆಯಲ್ಲೇ ಉಳಿದಿತ್ತು. ನಿನ್ನ ಗೂಡು ಕಿತ್ತ ಸಾಹಸ ಓದಿದ ಮೇಲೆ, ಯಾವ ತಗಡು ಎಲ್ಲಿ ಸಡಿಲವಾಗಿದೆಯೋ ಅಂತ ಭಯವಾಗಿ ತೆಗೆದು ನೋಡಿದೆ. ಅದರಲ್ಲಿ ಒಳಗಿನ ಉದ್ದ 310 ಅಂತ ಇದೆ. ನಿನ್ನ ಅಳತೆ 304. ನೀನು ಮೂರು ಸಲ ಅಳೆದಿದ್ದೀಯ, ನೀನು ತಪ್ಪು ಓದುವವಳಲ್ಲ. ಹಾಗಾದರೆ ತಪ್ಪಿರುವುದು ಟೇಪಿನಲ್ಲಿ. ನಾನು ಹುಟ್ಟುವ ಮೊದಲಿನ ಬಟ್ಟೆಯ ಟೇಪು ಅದು, ಇಷ್ಟು ವರ್ಷ ನಿನ್ನ ಕೊರಳಲ್ಲಿ ನೇತಾಡಿ ಎಳೆದುಕೊಂಡಿದೆ. ನೂರಕ್ಕೆ ಎರಡು. ಕಾರ್ಡು ಮೊದಲೇ ಸರಿಯಾಗಿ ಕೂರುತ್ತಿತ್ತು. ಗೂಡನ್ನು ಸುಮ್ಮನೆ ಕಿತ್ತೆ.

ಗೂಡು ಹೋಗಲಿ, ನಾನು ಗಾಬರಿಯಾಗಿರುವುದು ಅದಕ್ಕಲ್ಲ. ರಾಜನ ಮೈ ಅಳತೆಯನ್ನು ಯಾವ ಟೇಪಿನಲ್ಲಿ ತೆಗೆದೆ? ಅದನ್ನೇ ಕಂಪ್ಯೂಟರಿಗೆ ಹಾಕಿದ್ದೀಯ. ಪರದೆಯ ಮೇಲೆ ಗೊತ್ತಾಗುವುದಿಲ್ಲ, ಬೊಂಬೆಯೂ ಅದೇ ಅಳತೆಯದು. ಆದರೆ ಪ್ರಿಂಟರ್ ನಿನ್ನ ಟೇಪನ್ನು ನೋಡಿಲ್ಲ. ಅದು ನಿಜವಾದ ಸೆಂಟಿಮೀಟರಿನಲ್ಲಿ ಪ್ರಿಂಟ್ ಮಾಡುತ್ತದೆ. ಎದೆಯಲ್ಲಿ ಎರಡು ಸೆಂಟಿಮೀಟರ್ ಕಡಿಮೆ ಬರುತ್ತದೆ. ಅವನು ಮಂಡಿಯೂರಿ ಕೈ ಎತ್ತಿದರೆ ಎಲ್ಲರ ಎದುರಿಗೆ ಕಂಕುಳು ಹರಿಯುತ್ತದೆ.

ಅಳತೆ ಮತ್ತೆ ತೆಗಿ. ಹೊಸ ಟೇಪಿನಲ್ಲಿ.

ಕೈಯ ವಿಷಯ ನೀನು ಹೇಳುವವರೆಗೆ ಪ್ರತಿ ಪತ್ರದಲ್ಲೂ ಕೇಳುತ್ತೇನೆ. ನಾನೂ ನಿನ್ನ ಮಗಳೇ.

ನಿದ್ದೆಗೆಟ್ಟ ಮಗಳು


ಮಾರ್ಚ್ 10

ಮಗಳೇ,

ನಿನ್ನ ಪತ್ರ ಓದಿ ಎರಡು ದಿನ ನಿನ್ನನ್ನು ಬೈದೆ. ಮೂರನೇ ದಿನ ಸ್ಟೀಲ್ ಸ್ಕೇಲ್ ತಂದೆ.

ಒಂದೂವರೆ ಮೀಟರಿನ ಟೇಪು ಮೂರು ಸೆಂಟಿಮೀಟರ್ ಬೆಳೆದಿದೆ. ಯಾರಿಗೆ ಗೊತ್ತಾಗಬೇಕು? ಮೈಯನ್ನೂ ಅದರಲ್ಲೇ ಅಳೆದೆ, ಬಟ್ಟೆಯನ್ನೂ ಅದರಲ್ಲೇ ಅಳೆದೆ. ಎಷ್ಟು ರಾಜರು, ಎಷ್ಟು ಸೇವಕರು, ಎಷ್ಟು ಹೆಣಗಳು ನನ್ನ ಬಟ್ಟೆ ತೊಟ್ಟು ಆ ರಂಗದ ಮೇಲೆ ಬಿದ್ದಿವೆ, ಒಂದಕ್ಕೂ ಬಿಗಿಯಾಗಲಿಲ್ಲ. ಟೇಪೂ ನಾನೂ ಸೇರಿ ಒಂದೇ ಸುಳ್ಳು ಹೇಳುತ್ತಿದ್ದೆವು, ಅದಕ್ಕೆ ಎಲ್ಲ ಸರಿಯಾಗಿ ಕೂರುತ್ತಿತ್ತು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವಳು ನಾನು, ನಿನಗೆ ಗೊತ್ತು. ಈ ಸಲ ನಾಲ್ಕು ಕಾಲು ಅಂತ ಒಪ್ಪುತ್ತೇನೆ. ಬರೆದು ಕೊಟ್ಟಿದ್ದೇನೆ, ಜೋಪಾನವಾಗಿ ಇಟ್ಟುಕೋ.

ಹೊಸ ಟೇಪು ತಂದು ರಾಜನನ್ನು ಕರೆಸಿದೆ. ಪಾಪ, ಅರವತ್ತು ದಾಟಿದ ನಟ, ಇಪ್ಪತ್ತು ವರ್ಷದಿಂದ ನನ್ನ ಬಟ್ಟೆಯಲ್ಲೇ ಸಿಂಹಾಸನ ಏರಿದವನು. ಎದೆ ಅಳತೆ ಹೇಳಿದ ಕೂಡಲೇ ಮುಖ ಸಣ್ಣದಾಯಿತು. "ಮಾಸ್ಟರಮ್ಮ, ಒಂದೇ ತಿಂಗಳಲ್ಲಿ ಎರಡು ಸೆಂಟಿಮೀಟರ್ ಉಬ್ಬಿದ್ನಾ?" ಅಂದ. "ರಾಜ್ಯಭಾರ ಕಣಪ್ಪ" ಅಂದೆ. ಊಟ ಬಿಟ್ಟಿದ್ದಾನೆ ಅಂತ ಕೇಳಿದೆ. ನಿಜ ಹೇಳಿ ತಿನ್ನಿಸಬೇಕು, ಇಲ್ಲದಿದ್ದರೆ ಏಪ್ರಿಲ್ ಹತ್ತಕ್ಕೆ ಇನ್ನೊಂದು ಸಲ ಅಳೆಯಬೇಕಾಗುತ್ತದೆ.

ಕೈ.

ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳು ಮಡಚುವುದಿಲ್ಲ. ಎಂಟು ತಿಂಗಳಾಯಿತು. ಡಾಕ್ಟರು ಸಂಧಿವಾತ ಅಂದರು, ಇನ್ನು ಹೀಗೇ ಅಂದರು. ಕತ್ತರಿಯ ಕಿವಿಯೊಳಗೆ ಬೆರಳು ತೂರುವುದೇ ಇಲ್ಲ. ಚಾಕ್‌ಪೀಸನ್ನು ಮುಷ್ಟಿಯಲ್ಲಿ ಹಿಡಿದು ಗೆರೆ ಎಳೆಯಬಲ್ಲೆ. ಮೌಸನ್ನು ಎಡಗೈಯಲ್ಲಿ ಹಿಡಿಯುವುದು ಅಭ್ಯಾಸವಾಗಿದೆ. ಎಂಟು ತಿಂಗಳಿಂದ ಗೆರೆ ನನ್ನದು, ಕತ್ತರಿ ಗುಂಡಿಯಕ್ಕನದು. ನೀನು ಹೋದ ಮೇಲೆ ಗುಂಡಿ, ಕಾಜ ಹಾಕುವುದಕ್ಕೆ ಬಂದವಳು, ನಿನಗಿಂತ ಹತ್ತು ವರ್ಷ ದೊಡ್ಡವಳು. ಬಾಗಿಲು ಹಾಕಿಕೊಂಡು, ಪರದೆ ಎಳೆದುಕೊಂಡು, ಕಳ್ಳರ ಹಾಗೆ ಬಟ್ಟೆ ಕತ್ತರಿಸುತ್ತೇವೆ. ಅವಳಿಗೂ ನನಗೂ ಬಿಟ್ಟು ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಆ ಒಳ್ಳೆ ಮ್ಯಾನೇಜರ್ ಹೂಗುಚ್ಛ ಕೊಟ್ಟು ಮನೆಗೆ ಕಳಿಸುತ್ತಾನೆ.

ಈಗ ಗೊತ್ತಾಯಿತಾ ಕಾರ್ಡು ಯಾಕೆ ಬೇಕಿತ್ತು ಅಂತ? ಪರದೆಯ ಮೇಲೆ ಕತ್ತರಿಸುವುದಕ್ಕೆ ಹೆಬ್ಬೆರಳು ಬೇಡ. ಅಲ್ಲಿ ನಾನು ಮೊದಲಿನ ಹಾಗೇ ಇದ್ದೇನೆ.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಹೇಳಿದ್ದರೆ ನೀನು ಕೆಲಸ ಬಿಟ್ಟು ಬರುತ್ತಿದ್ದೆ. ನಿನ್ನನ್ನು ಆ ಮೇಜಿನ ಮುಂದೆ ಕೂರಿಸಬೇಕು ಅಂತ ಹಟ ಹಿಡಿದವಳು ನಾನೇ. ಮೆಟ್ಟಿಲ ಮೇಲೆ ಕೂಗಿದವಳೂ ನಾನೇ. ನನ್ನ ಬೆರಳು ಮಡಚುವುದಿಲ್ಲ ಅಂತ ನಿನ್ನನ್ನು ಎಳೆತಂದರೆ ಅದು ಗೆದ್ದ ಹಾಗಲ್ಲ. ಅಂದು ಕೂಗಬಾರದಿತ್ತು. ದೂರದರ್ಶಕದ ಆ ತಂತಿ ಕೆಲಸ ನಿನಗೆ ಒಪ್ಪುತ್ತದೆ.

ಇಷ್ಟನ್ನು ಒಂದೇ ದಿನ ಟೈಪ್ ಮಾಡಿ ಎಡಗೈ ನೋಯುತ್ತಿದೆ.

ಅಮ್ಮ


ಮಾರ್ಚ್ 18

ಅಮ್ಮ,

ಓದಿ ಅತ್ತುಬಿಟ್ಟೆ. ಅತ್ತು ಮುಗಿಸಿ ಬರೆಯುತ್ತಿದ್ದೇನೆ, ಆದ್ದರಿಂದ ಈ ಪತ್ರದಲ್ಲಿ ಸಮಾಧಾನದ ಮಾತು ಇರುವುದಿಲ್ಲ.

ನಾನು ಏಪ್ರಿಲ್ ಒಂಬತ್ತಕ್ಕೆ ಬಂದು ಹತ್ತಕ್ಕೆ ನಿನ್ನ ಪಕ್ಕದಲ್ಲಿ ನಿಲ್ಲಬಲ್ಲೆ. ಏನಾದರೂ ಕೆಟ್ಟರೆ ನೋಡಿಕೊಳ್ಳುತ್ತೇನೆ. ಬರಲಾ? ಕೇಳಿ ಬರುತ್ತಿದ್ದೇನೆ, ನೋಡು, ನಾನೂ ಬದಲಾಗಿದ್ದೇನೆ.

ಬರಲಿ ಬಿಡಲಿ, ಈ ಎರಡು ಮಾತು ನೆನಪಿರಲಿ. ಕಾರ್ಡನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರನ್ನು ಅಪ್‌ಡೇಟ್ ಮಾಡಲಾ ಅಂತ ಕಂಪ್ಯೂಟರ್ ಕೇಳಿದರೆ ಏಪ್ರಿಲ್ ಹತ್ತು ಮುಗಿಯುವವರೆಗೆ ಬೇಡ ಅನ್ನು. ನಡೆಯುತ್ತಿರುವ ಗಾಡಿಗೆ ಚಕ್ರ ಬದಲಾಯಿಸಬಾರದು. ಕ್ಯಾಬಿನೆಟ್ಟನ್ನು ಅಲ್ಲಿಗೆ ಸಾಗಿಸುವಾಗ ಕಾರ್ಡನ್ನು ಬಿಚ್ಚಿ ಬೇರೆ ಒಯ್ಯಿ, ಅದರ ಭಾರಕ್ಕೆ ಅದು ಕೂರುವ ಸ್ಲಾಟ್ ಮುರಿಯುತ್ತದೆ. ಗುಂಡಿಯಕ್ಕನ ಕೈಯಲ್ಲಿ ಮತ್ತೆ ಹಾಕಿಸು.

ಕೈಯನ್ನು ಬಚ್ಚಿಡುವ ವಿಷಯ ನನಗೆ ಒಪ್ಪಿಗೆಯಿಲ್ಲ. ಕಳ್ಳರ ಹಾಗೆ ಅಂದೆಯಲ್ಲ, ನೀನು ಏನು ಕದ್ದಿದ್ದೀಯ?

ಮಗಳು


ಮಾರ್ಚ್ 26

ಮಗಳೇ,

ಬರಬೇಡ. ನೀನು ಆ ಕೋಣೆಗೆ ಕಾಲಿಟ್ಟರೆ "ಎಲ್ಲ ಮಗಳು ಮಾಡಿಕೊಟ್ಟಳು" ಅನ್ನುತ್ತಾರೆ. ಈಗಲೇ ಮ್ಯಾನೇಜರ್ ಎರಡು ಸಲ ನಿನ್ನ ಬಗ್ಗೆ ವಿಚಾರಿಸಿದ. ಬರುವುದಿದ್ದರೆ ಹನ್ನೊಂದಕ್ಕೆ ಬಾ, ಸೋತಿದ್ದರೂ ಊಟ ಹಾಕುತ್ತೇನೆ.

ಕಾರ್ಡು ಬಿಚ್ಚುವುದನ್ನು ಗುಂಡಿಯಕ್ಕ ಕಲಿತಳು. "ಕಾಜಕ್ಕಿಂತ ಸುಲಭ" ಅಂದಳು.

ಏನು ಕದ್ದಿದ್ದೀಯ ಅಂತ ಕೇಳಿದೆ. ಯೋಚಿಸುತ್ತಿದ್ದೇನೆ.

ಅಮ್ಮ


ಏಪ್ರಿಲ್ 16

ಮಗಳೇ,

ಹನ್ನೊಂದಕ್ಕೆ ನಿನಗೆ ಬರಲಾಗಲಿಲ್ಲ, ಗಾಳಿಗೆ ದೂರದರ್ಶಕದ ತಂತಿ ಹರಿದದ್ದನ್ನು ನಿಮ್ಮ ಕಚೇರಿಯವರು ಹೇಳಿ ಕಳಿಸಿದರು. ಪರವಾಗಿಲ್ಲ, ಬರೆದರೆ ಎಲ್ಲವನ್ನೂ ಸರಿಯಾಗಿ ಹೇಳಬಹುದು.

ಹತ್ತನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಅಭ್ಯಾಸದ ಹಾಲಿನಲ್ಲಿ ಸೇರಿದೆವು. ಸ್ಟುಡಿಯೋದ ಇಬ್ಬರು ಮೊದಲು ತೋರಿಸಿದರು. ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಬಟ್ಟೆ ನೀರಿನ ಹಾಗೆ ಹರಿಯುತ್ತಿತ್ತು. ನಿರ್ದೇಶಕರು ತಲೆದೂಗಿದರು. ಆಮೇಲೆ ನನ್ನ ರಾಜ ಬಂದ. ನನ್ನದು ಹರಿಯುವುದಿಲ್ಲ, ನೇತಾಡುತ್ತದೆ. ಆರು ಕಿಲೋ ಉಣ್ಣೆ ಹರಿಯುವುದು ಎಲ್ಲಿಂದ? ಅವನು ಮಂಡಿಯೂರಿದ. ಪರದೆ ಕಪ್ಪಾಗುತ್ತದೋ ಅಂತ ನಾನು ಒಬ್ಬಳೇ ಉಸಿರು ಹಿಡಿದಿದ್ದೆ. ಆಗಲಿಲ್ಲ.

ಕೋರಾ ಬಟ್ಟೆಯ ಸರದಿ. ಅವರದ್ದನ್ನು ತೊಟ್ಟು ನಮ್ಮ ನಟ ಮಂಡಿಯೂರಿದ, ಏಳುವಾಗ ಮುಂದಿನ ಅಂಚನ್ನು ತುಳಿದು ಕೈ ಊರಿದ. ಅರವತ್ತು ದಾಟಿದವನ ಮಂಡಿ ಹೇಗೆ ಏಳುತ್ತದೆ ಅಂತ ಅವರ ಬೊಂಬೆಗೆ ಗೊತ್ತಿಲ್ಲ. ನನ್ನದನ್ನು ತೊಟ್ಟ. ನಾನು ಮುಂದಿನ ಅಂಚನ್ನು ಎರಡು ಬೆರಳು ಮೇಲಕ್ಕೆ ಕತ್ತರಿಸಿದ್ದೆ, ಎಡಕ್ಕೆ ಒಂದು ಸೀಳು ಕೊಟ್ಟಿದ್ದೆ, ಅವನು ಯಾವಾಗಲೂ ಎಡಗಾಲು ಊರಿ ಏಳುವವನು. ಯಾರ ಸಹಾಯವೂ ಇಲ್ಲದೆ ಎದ್ದ. ಎದ್ದು ಎರಡೂ ಕೈ ಮೇಲೆತ್ತಿದ. ಕಂಕುಳು ಹರಿಯಲಿಲ್ಲ. ನಿನ್ನನ್ನು ಆ ಕ್ಷಣದಲ್ಲಿ ನೆನೆದೆ.

ನಿರ್ದೇಶಕರು "ಇದೇ" ಅಂದರು.

ಮ್ಯಾನೇಜರ್ ಮಾತ್ರ ಬಿಡಲಿಲ್ಲ. "ಕಂಪ್ಯೂಟರ್ ಕೆಲಸ ಯಾರು ಮಾಡಿಕೊಟ್ಟಿದ್ದು ಮಾಸ್ಟರಮ್ಮ? ಮಗಳಾ?" ಅಂದ. "ನಾನೇ" ಅಂದೆ. ಪ್ರೀತಿಯಿಂದ ನಕ್ಕು, "ಪರವಾಗಿಲ್ಲ ಹೇಳಿ, ತಪ್ಪೇನಿಲ್ಲ" ಅಂದ. ಎದ್ದು ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಎಲ್ಲರೂ ನೋಡುತ್ತಿರುವಾಗ ಭುಜದ ಹೊಲಿಗೆ ಬಿಚ್ಚಿ, ಒಂದು ಬೆರಳು ಅಗಲ ಮಾಡಿ, ಮತ್ತೆ ಹೊಲಿದು ರಾಜನನ್ನು ನಡೆಸಿದೆ. ಹದಿನಾರು ಜಿಬಿ ಗುಂಯ್ ಅಂತ ಒಂದು ಸದ್ದು ಮಾಡಿತು, ಅಷ್ಟೇ. ಅವನ ಕಣ್ಣು ಪರದೆಯ ಮೇಲಿರಲಿಲ್ಲ, ನನ್ನ ಎಡಗೈಯ ಮೇಲಿತ್ತು. "ಎಡಗೈಯಲ್ಲಿ ಯಾಕೆ ಮಾಡ್ತೀರಾ?" ಅಂದ. ಆಮೇಲೆ ಮೇಜಿನ ಮೇಲಿನ ಕತ್ತರಿಯನ್ನು ತೆಗೆದು ನನ್ನ ಕಡೆಗೆ ಹಿಡಿದು, "ಒಂದು ತೋಳು ಕತ್ತರಿಸಿ ತೋರಿಸಿಬಿಡಿ, ಎಲ್ಲರಿಗೂ ಸಮಾಧಾನ" ಅಂದ.

ಗುಂಡಿಯಕ್ಕ ಬಿಳಿಚಿಕೊಂಡಳು. ಕುಂಟು ನೆಪ ಹೇಳಬಹುದಿತ್ತು, ನಾಲಿಗೆಯ ತುದಿಯಲ್ಲಿ ಮೂರು ನೆಪ ಸಿದ್ಧವಾಗಿದ್ದವು. ಹೇಳಲು ಬೇಸರವಾಯಿತು ಮಗಳೇ. ಬಲಗೈ ಎತ್ತಿ ತೋರಿಸಿದೆ. "ಈ ಕೈ ಒಂಬತ್ತು ತಿಂಗಳಿಂದ ಕತ್ತರಿ ಹಿಡೀತಾ ಇಲ್ಲ. ಈ ಒಂಬತ್ತು ತಿಂಗಳಲ್ಲಿ ನೀವು ಮೂರು ನಾಟಕ ಆಡಿದೀರಿ. ಎಪ್ಪತ್ತೊಂದು ಉಡುಪು. ಗೆರೆ ನಾನು ಹಾಕಿದೆ, ಕತ್ತರಿಸಿದ್ದು ಇವಳು. ಯಾವ ಬಟ್ಟೆ ಬಿಗಿಯಾಯ್ತು, ಯಾವುದು ಹರೀತು, ಹೇಳಿ. ಒಬ್ಬರಾದರೂ ಹೇಳಿ" ಅಂದೆ.

ರಾಜ ನಿಲುವಂಗಿಯಲ್ಲೇ ಬಂದು, ಮ್ಯಾನೇಜರನ ಕೈಯಿಂದ ಕತ್ತರಿಯನ್ನು ತೆಗೆದು ಗುಂಡಿಯಕ್ಕನಿಗೆ ಕೊಟ್ಟ.

ಹದಿಮೂರಕ್ಕೆ ಮ್ಯಾನೇಜರನಿಂದ ಒಂದು ಕಾಗದ ಬಂತು. ಕೈ ತೊಂದರೆಯನ್ನು ಗಮನದಲ್ಲಿಟ್ಟುಕೊಂಡು, ಸೇವೆಯನ್ನು ಗೌರವಿಸಿ, ನನ್ನನ್ನು ಉಡುಪು ವಿಭಾಗದ "ಗೌರವ ಸಲಹೆಗಾರ್ತಿ" ಮಾಡಿದ್ದಾರಂತೆ. ವಾರಕ್ಕೊಂದು ದಿನ ಬಂದು ನೋಡಿ ಹೋದರೆ ಸಾಕಂತೆ. ನನ್ನ ಫೈಲುಗಳನ್ನು ಕಂಪನಿಗೆ ಒಪ್ಪಿಸಬೇಕಂತೆ. ಕಾಗದ ಓದಿ ಮಡಚಿದೆ, ಮತ್ತೆ ಬಿಚ್ಚಿದೆ. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು "ಗೌರವ ಸಲಹೆಗಾರ್ತಿ" ಅನ್ನುವುದನ್ನು ಹೊಡೆದುಹಾಕಿ, ಮೇಲೆ "ಕಟಿಂಗ್ ಮಾಸ್ಟರ್" ಅಂತ ಬರೆದೆ. ಅಕ್ಷರ ಸೊಟ್ಟಗೆ ಬಂತು, ದೊಡ್ಡದಾಗಿಯೂ ಬಂತು. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ಕತ್ತರಿ: ಗುಂಡಿಯಕ್ಕ, ಇವತ್ತಿನಿಂದ." ಸಹಿ ಹಾಕಿ ಅವನ ಮೇಜಿನ ಮೇಲೆ ಇಟ್ಟು ಬಂದೆ.

ಮೂರು ದಿನವಾಯಿತು. ಕಾಗದ ವಾಪಸ್ ಬಂದಿಲ್ಲ. ಇವತ್ತು ರಾಜನ ಉಣ್ಣೆ ಬಂತು. ಉಡುಪಿನ ಕೋಣೆಯ ಎರಡೂ ಬಾಗಿಲು ತೆರೆದಿಟ್ಟು, ಕಿಟಕಿಯ ಪರದೆ ಸರಿಸಿ, ಉಣ್ಣೆಯನ್ನು ಉದ್ದಕ್ಕೂ ಹಾಸಿದೆವು. ಮ್ಯಾನೇಜರ್ ಹೊರಗಿನ ಓಣಿಯಲ್ಲಿ ಹೋಗುತ್ತಿದ್ದವನು ನಿಂತ. ನಾನು ತಲೆ ಎತ್ತಲಿಲ್ಲ. ಗೆರೆಯನ್ನು ತೋರಿಸಿ "ಹೂಂ, ಇಲ್ಲಿಂದ" ಅಂದೆ. ಗುಂಡಿಯಕ್ಕ ಕತ್ತರಿ ಇಟ್ಟಳು.

ನಿನಗೆ ಅಮ್ಮ, ಇಲ್ಲಿ ಕಟಿಂಗ್ ಮಾಸ್ಟರ್